‘ಮಂಗಳವಾರದ ತಂತಿ’ ಹುಡುಕಿಕೊಂಡು ಹ್ಯಾಟನ್‌ಗೆ

ಹುಬ್ಬಳ್ಳಿ ಸ್ಟೇಷನ್

ಚಂದ್ರಾಬಾಯಿಯವರ ಪಾಸ್‌ಪೋರ್ಟಿನಲ್ಲಿ ವಯಸ್ಸು ಅರವತ್ತಾರು ಎಂದಿತ್ತು. ಅವರು ಹೇಳುತ್ತಿದ್ದದ್ದು ಅರವತ್ತೆರಡು. ಕಳಿಸಿಕೊಡಲು ಬಂದಿದ್ದ ಅವರ ತಮ್ಮನ ಮಗ ಶಿವಾನಂದ ನನ್ನನ್ನು ಪ್ಲಾಟ್‌ಫಾರಮ್ಮಿನ ಕಂಬದ ಹಿಂದೆ ಕರೆದುಕೊಂಡು ಹೋಗಿ, "ಕಾಕಾ, ಗಾಡಿ ಬರಾಕ ಇನ್ನೂ ಹೊತ್ತೈತಿ. ಆತ್ಯಾಗ ಒಂದ್ ಮಾತು ಹೇಳ್ರಿ, ಬ್ಯಾಡ ಅಂತ. ಈ ವಯಸ್ಸಿನ್ಯಾಗ ಶ್ರೀಲಂಕಾ ಅಂದ್ರ ಹೆಂಗ್ರಿ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಬೆಂಚಿನ ಮೇಲಿಂದ ದನಿ ಬಂತು. "ಶಿವೂ, ಆ ಮಾತು ನನ್ನ ಮುಂದ ಹೇಳು. ಮಲ್ಲಪ್ಪಗ ಹೇಳಿದ್ರ ಅಂವ ಏನ್ ಮಾಡ್ತಾನ?"

ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಪಾರ್ಟು ಮಾಡಿದವರು. ಮೈಕಿಲ್ಲದೆ ಕೊನೆಯ ಸಾಲಿನವರಿಗೆ ಮಾತು ಮುಟ್ಟಿಸಿದ ಗಂಟಲು ಅದು.

ನಾನು ಮಲ್ಲಪ್ಪ. ತಾರಿಹಾಳದಲ್ಲಿ ನನ್ನದೊಂದು ಸಣ್ಣ ಲೇತ್ ಶೆಡ್ ಇದೆ. ಸುತ್ತಲಿನ ಜಿಲ್ಲೆಗಳ ಸಿನಿಮಾ ಟಾಕೀಸುಗಳ ಪ್ರೊಜೆಕ್ಟರ್ ರಿಪೇರಿ ಮಾಡುವುದು ನನ್ನ ಕಸುಬು. ಟಾಕೀಸುಗಳು ಒಂದೊಂದಾಗಿ ಕಲ್ಯಾಣ ಮಂಟಪಗಳಾಗತೊಡಗಿದ ಮೇಲೆ ಹಿಟ್ಟಿನ ಗಿರಣಿ, ಪಂಪ್‌ಸೆಟ್ಟುಗಳ ಕೆಲಸವನ್ನೂ ಹಿಡಿದೆ. ನಾಲ್ಕು ವರ್ಷದ ಹಿಂದೆ ಬೈರಿದೇವರಕೊಪ್ಪದಲ್ಲಿ ಶಿವಾನಂದನ ಗಿರಣಿಯ ಶಾಫ್ಟು ತಿರುಚಿಕೊಂಡಾಗ ಅವರ ಮನೆಗೆ ಹೋಗಿದ್ದೆ. ಕೈ ತೊಳೆಯಲು ಒಳಗೆ ಕರೆದರು. ಗೋಡೆಯ ಮೇಲೆ ಒಂದು ಕಪ್ಪು ಬಿಳುಪು ಫೋಟೊ ಇತ್ತು. ಇಳಕಲ್ ಸೀರೆ ಉಟ್ಟ ಹೆಂಗಸು, ಕೈಯಲ್ಲಿ ರಿವಾಲ್ವರ್, ಹಿಂದೆ ಸಮುದ್ರ. ಪಕ್ಕದ ಕುರ್ಚಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಮುದುಕಿಯ ಮುಖ ನೋಡಿದೆ, ಮತ್ತೆ ಫೋಟೊ ನೋಡಿದೆ.

"ನೀವು ವಿಮಲಾ ಅಲ್ಲೇನ್ರಿ?" ಎಂದೆ.

ಅವರು ಮೊರವನ್ನು ನೆಲದ ಮೇಲಿಟ್ಟರು. ಆ ಹೆಸರಿನಿಂದ ಅವರನ್ನು ಯಾರೂ ಕರೆಯದೆ ಇಪ್ಪತ್ತೆಂಟು ವರ್ಷ ಆಗಿತ್ತಂತೆ.

‘ಮಂಗಳವಾರದ ತಂತಿ’ ಹುಬ್ಬಳ್ಳಿಯಲ್ಲಿ ಒಂಬತ್ತು ದಿನ ಓಡಿತ್ತು. ಆಗ ನಾನು ಕಾಲೇಜಿನಲ್ಲಿದ್ದೆ. ಒಂಬತ್ತು ದಿನದಲ್ಲಿ ನಾಲ್ಕು ಸಲ ನೋಡಿದೆ. ಕಾರವಾರದ ತಂತಿ ಕಚೇರಿಯಲ್ಲಿ ವಿಮಲಾ ಎಂಬ ಗುಮಾಸ್ತೆ. ಪ್ರತಿ ಮಂಗಳವಾರ ಒಬ್ಬನೇ ಮನುಷ್ಯ ಬಂದು ‘ಗಂಡು ಮಗು, ತಾಯಿ ಕ್ಷೇಮ’ ಎಂದು ಬೇರೆ ಬೇರೆ ಊರಿಗೆ ತಂತಿ ಕಳಿಸುತ್ತಾನೆ. ಅವನಿಗೆ ಎಷ್ಟು ಮಕ್ಕಳು ಎಂದು ವಿಮಲಾ ಎಣಿಸತೊಡಗುತ್ತಾಳೆ. ಕಥೆ ಶುರುವಾಗುವುದು ಅಲ್ಲಿಂದ. ಬಂದರಿನ ಹಡಗುಗಳ ಗುಟ್ಟು ಹೊರಗೆ ಹೋಗುತ್ತಿರುವುದನ್ನು ಪೊಲೀಸರಿಗೆ ಹೇಳಿದರೆ ಯಾರೂ ನಂಬುವುದಿಲ್ಲ. ಆಕೆ ಒಬ್ಬಳೇ ಬೆನ್ನು ಹತ್ತುತ್ತಾಳೆ. ಹೀರೊ ಇಲ್ಲ, ಕ್ಲಬ್ ಡಾನ್ಸ್ ಇಲ್ಲ. ಮಧ್ಯಂತರದ ಹೊತ್ತಿಗೆ ಜನ, "ಹೀರೊ ಯಾವಾಗ ಬರ್ತಾನ್ರಿ?" ಎಂದು ಗೇಟ್‌ಕೀಪರನ್ನು ಕೇಳುತ್ತಿದ್ದರು. ಬರುವುದಿಲ್ಲ ಎಂದು ತಿಳಿದ ಮೇಲೆ ಎದ್ದು ಹೋದರು. ನಿರ್ಮಾಪಕರು ಕಂಪನಿ ಮುಚ್ಚಿದರು. ಪ್ರಿಂಟುಗಳು ಗುಜರಿಗೆ ಹೋದವು. ಚಿತ್ರ ಬಿಡುಗಡೆಯಾದಾಗ ಬಾಯಿಯವರು ಜಮಖಂಡಿಯ ಕ್ಯಾಂಪಿನಲ್ಲಿ ದಿನಕ್ಕೆರಡು ಆಟ ಆಡುತ್ತಿದ್ದರು. ಊರಿಗೆ ಬರುವಷ್ಟರಲ್ಲಿ ಪೋಸ್ಟರ್ ಕೂಡ ಇರಲಿಲ್ಲ. ತಾವು ಮಾಡಿದ ಒಂದೇ ಒಂದು ಸಿನಿಮಾವನ್ನು ಅವರು ನೋಡಿಯೇ ಇರಲಿಲ್ಲ.

ನಾನು ಬಿಡಿಭಾಗ ತರಲು ಮದ್ರಾಸಿಗೆ ಹೋಗುವುದುಂಟು. 2003ರಲ್ಲಿ ಅಲ್ಲಿನ ವ್ಯಾಪಾರಿಯೊಬ್ಬರು ಶ್ರೀಲಂಕಾದಿಂದ ಬಂದ ಕಾಗದ ತೋರಿಸಿದರು. ಹ್ಯಾಟನ್ ಎಂಬ ಬೆಟ್ಟದೂರಿನ ಟಾಕೀಸಿನ ಮಾಲೀಕರು ಹಳೆಯ ಪ್ರೊಜೆಕ್ಟರಿಗೆ ಒಂದು ಭಾಗ ಕೇಳಿದ್ದರು, ಅಳತೆಯ ಚಿತ್ರ ಬರೆದಿದ್ದರು. ಕೆಳಗೆ ತಮ್ಮ ಬಳಿ ಇರುವ ಹನ್ನೆರಡು ಹಳೆಯ ತಮಿಳು ಪ್ರಿಂಟುಗಳ ಪಟ್ಟಿ. ವ್ಯಾಪಾರಿ ಓದುತ್ತಾ ಹೋದರು. ಏಳನೆಯದು ‘ಸೆವ್ವಾಯ್ ತಂದಿ’.

ಸೆವ್ವಾಯ್ ಅಂದರೆ ಮಂಗಳವಾರ, ತಂದಿ ಅಂದರೆ ತಂತಿ. ನಾನು ಅವರ ಕೈಯಿಂದ ಕಾಗದ ಇಸಿದುಕೊಂಡೆ. ತಮಿಳು ಓದಲು ಬರುವುದಿಲ್ಲ, ಆದರೂ ಆ ಸಾಲನ್ನು ಬಹಳ ಹೊತ್ತು ನೋಡಿದೆ.

ಊರಿಗೆ ಬಂದು ಆ ಭಾಗವನ್ನು ನನ್ನ ಲೇತಿನ ಮೇಲೆ ನಾನೇ ಮಾಡಿದೆ. ಅದನ್ನು ಕೊಟ್ಟು ಪ್ರಿಂಟು ಕೇಳುವುದೆಂದು ನಿರ್ಧರಿಸಿ, ಹ್ಯಾಟನ್‌ಗೆ ಹಾಗೆಂದು ಕಾಗದ ಬರೆಸಿ ಹಾಕಿ, ಬಾಯಿಯವರಿಗೆ ಸುದ್ದಿ ಹೇಳಲು ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ನನ್ನ ಪಾಸ್‌ಪೋರ್ಟಿಗೆ ಎಷ್ಟು ದಿನ ಬೇಕು?"

ಮದ್ರಾಸಿನ ವಿಮಾನ ನಿಲ್ದಾಣ

ನಾನು ಒಯ್ಯುತ್ತಿದ್ದ ಭಾಗ ಅಂಗೈ ಅಗಲದ ಉಕ್ಕಿನ ತುಂಡು. ಶಿಲುಬೆಯ ಹಾಗೆ ನಾಲ್ಕು ಕಡೆ ಸೀಳು. ಪ್ರೊಜೆಕ್ಟರಿನಲ್ಲಿ ಫಿಲ್ಮನ್ನು ಸೆಕೆಂಡಿಗೆ ಇಪ್ಪತ್ತನಾಲ್ಕು ಸಲ ನಿಲ್ಲಿಸಿ ನಿಲ್ಲಿಸಿ ಎಳೆಯುವುದು ಅದೇ. ಎಣ್ಣೆ ಹಚ್ಚಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಸುತ್ತಿ, ರೊಟ್ಟಿಯ ಡಬ್ಬಿಯಲ್ಲಿಟ್ಟಿದ್ದೆ. ತಪಾಸಣೆಯ ಯಂತ್ರದ ಮುಂದೆ ಕೂತಿದ್ದ ಅಧಿಕಾರಿಗೆ ಕಡಕ್ ರೊಟ್ಟಿಗಳ ನಡುವೆ ಅದು ಕಂಡಿತು.

"ಇದೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನ್ನ ಇಂಗ್ಲಿಷ್ ಬಿಡಿಭಾಗಗಳ ಹೆಸರಿನಷ್ಟೇ. ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಇನ್ನಿಬ್ಬರು ಬಂದರು. ನಮ್ಮಿಬ್ಬರ ಸಂಬಂಧವೇನು ಎಂದು ಕೇಳಿದರು. ನಾನು ತಡವರಿಸುತ್ತಿರುವಾಗ ಬಾಯಿಯವರು ಮುಂದೆ ಬಂದು ಧಾರವಾಡದ ಕನ್ನಡದಲ್ಲೇ ಶುರುಮಾಡಿದರು. "ನೋಡ್ರಿ ಸಾಹೇಬ್ರ, ಇಂವ ಮಷೀನ್ ರಿಪೇರಿಯಾಂವ. ನಾ ಆ ಮಷೀನಿನೊಳಗ ಕುಣದಾಕಿ. ಸಂಬಂಧ ಅಂದ್ರ ಇಷ್ಟ." ಬಲಗೈ ಬೆರಳಿನಿಂದ ಆ ತುಂಡನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ, ಪ್ರತಿ ಸಲ ನಿಂತಾಗಲೂ ತಮ್ಮ ಮುಖದಲ್ಲಿ ಒಂದೊಂದು ಭಾವ ತೋರಿಸಿದರು. ನಗು, ಸಿಟ್ಟು, ಹೆದರಿಕೆ, ಅಳು. ಅವರಲ್ಲಿ ಹಿರಿಯವನಿಗೆ ಹೊಳೆಯಿತು. "ಸಿನಿಮಾ" ಎಂದ. ಡಬ್ಬಿ ನಮ್ಮ ಕೈಗೆ ಬಂತು. ರೊಟ್ಟಿ ಮಾತ್ರ ನುಚ್ಚಾಗಿತ್ತು.

ಕೊಲಂಬೊ ಕೋಟೆ ಸ್ಟೇಷನ್ನಿನಿಂದ ಬೆಟ್ಟದ ರೈಲು

ಆಗ ಅಲ್ಲಿ ಕದನವಿರಾಮದ ಕಾಲ. ದಾರಿಯುದ್ದಕ್ಕೂ ಬಂದೂಕು ಹಿಡಿದ ಸಿಪಾಯಿಗಳಿದ್ದರು, ಆದರೆ ಬಿಸಿಲಿಗೆ ಬೇಸತ್ತು ನಿಂತವರ ಹಾಗೆ ಇದ್ದರು. ಜನ ಮೆತ್ತಗೆ ಮಾತಾಡುತ್ತಾರೆ. ನಮ್ಮ ಅಮರಗೋಳದ ಮಾರ್ಕೆಟ್ಟಿನಲ್ಲಿ ಹತ್ತು ಮಂದಿ ಮಾಡುವ ಗದ್ದಲವನ್ನು ಆ ಇಡೀ ರೈಲು ನಿಲ್ದಾಣ ಮಾಡುತ್ತಿರಲಿಲ್ಲ. ಬಾಯಿಯವರಿಗೆ ಇದು ಸರಿಬರಲಿಲ್ಲ. "ಯಾರರ ಸತ್ತಾರೇನು ಇಲ್ಲೆ?" ಎಂದು ಕೇಳಿದರು. ಅವರ ದನಿಗೆ ಆರು ಜನ ತಿರುಗಿ ನೋಡಿದರು.

ರೈಲಿನಲ್ಲಿ ಬುಟ್ಟಿ ಹೊತ್ತು ವಡೆ ಮಾರುವವನು ಬಂದ. ಕಡಲೆಬೇಳೆಯ ವಡೆ, ನಮ್ಮದೇ ವಾಸನೆ. ಮೇಲೆ ಕೆಂಪಗೆ, ಬಾಗಿದ್ದು ಏನೋ ಒಂದನ್ನು ಒತ್ತಿದ್ದರು. ಬಾಯಿಯವರು ಎರಡು ತೆಗೆದುಕೊಂಡು ಒಂದನ್ನು ನನಗೆ ಕೊಟ್ಟು, "ತಮ್ಮಾ, ಇದು ಯಾವ ಕಾಳು?" ಎಂದರು. ನಾನು ಹತ್ತಿರ ಹಿಡಿದು ನೋಡಿದೆ. ಆ ಕಾಳಿಗೆ ಕಣ್ಣಿದ್ದವು.

"ಅಕ್ಕಾರ, ಇದು ಸಿಗಡಿರೀ. ಮೀನಿನ ಜಾತಿ."

ಅವರದು ಲಿಂಗ ಕಟ್ಟಿದ ಮನೆತನ. ವಡೆಯನ್ನು ಬಾಯಿಯ ತನಕ ಒಯ್ದಿದ್ದ ಕೈ ಹಾಗೇ ನಿಂತಿತು. ಎದುರಿಗೆ ಕೂತಿದ್ದ ಸಿಂಹಳ ಹೆಂಗಸು ಇದನ್ನು ನೋಡಿ ನಮ್ಮ ಎರಡೂ ವಡೆ ತೆಗೆದುಕೊಂಡು, ತನ್ನ ಚೀಲದಿಂದ ನಾಲ್ಕು ಬಾಳೆಹಣ್ಣು ಕೊಟ್ಟಳು. ಬಾಯಿಯವರು ಆಕೆಗೆ ರೊಟ್ಟಿಯ ನುಚ್ಚನ್ನು ಶೇಂಗಾ ಚಟ್ನಿ ಕಲಸಿ ಕೊಟ್ಟರು. ಖಾರಕ್ಕೆ ಆಕೆಯ ಕಣ್ಣಲ್ಲಿ ನೀರು ಬಂತು, ಆದರೂ ಕೈ ಮುಂದೆ ಚಾಚಿ ಇನ್ನಷ್ಟು ಕೇಳಿದಳು.

ರೈಲು ಬೆಟ್ಟ ಏರತೊಡಗಿತು. ಒಂದು ಕಬ್ಬಿಣದ ಸೇತುವೆ ಬಂದಾಗ ಬಾಯಿಯವರು ಎಡಗೈಯನ್ನು ತೊಡೆಯ ಮೇಲಿಟ್ಟು ನೋಡಿಕೊಂಡರು. ಮಣಿಕಟ್ಟು ಸೊಟ್ಟಗಿತ್ತು. ನಾನು ಇಷ್ಟು ವರ್ಷ ಗಮನಿಸಿರಲಿಲ್ಲ.

"ಕಡೀಕ ವಿಮಲಾ ಸೇತುವೆ ಮ್ಯಾಲಿಂದ ದೋಣಿಯೊಳಗ ಜಿಗೀತಾಳಲ್ಲ, ಅದು ನಾನ ಜಿಗದದ್ದು" ಎಂದರು. "ಡೈರೆಕ್ಟರ್ ಬ್ಯಾಡ ಅಂದ್ರು. ಡ್ಯೂಪ್ ತರಿಸಿದ್ರು, ಮೀಸಿ ತಗದ ಗಂಡಸು. ನಾ ಒಪ್ಪಲಿಲ್ಲ. ಜಿಗದೆ, ಕೈ ಮುರೀತು. ಅವತ್ತ ನನ್ನ ದವಾಖಾನಿಗೆ ಒಯ್ದ್ರು. ತಿರುಗಿ ಬರೂದ್ರಾಗ ಶೂಟಿಂಗ್ ಮುಗದಿತ್ತು. ನಾಟಕ ಕಂಪನಿಗೆ ಬಂದು ಹೇಳಿದ್ರ ಎಲ್ಲಾರೂ ನಕ್ರು. ಚಂದ್ರಿ ಬಚ್ಚಲದಾಗ ಜಾರಿಬಿದ್ದು ಕಥಿ ಕಟ್ಯಾಳ ಅಂದ್ರು." ಸೊಟ್ಟ ಮಣಿಕಟ್ಟನ್ನು ನನ್ನ ಮುಂದೆ ಹಿಡಿದರು. "ಈ ಕೈಗೆ ಒಂದು ಸಾಕ್ಷಿ ಬೇಕು ನನಗ."

ಹ್ಯಾಟನ್, ಬುಧವಾರ

ಟಾಕೀಸಿನ ಮಾಲೀಕರ ಹೆಸರು ಮಾಣಿಕ್ಕಂ. ಎಪ್ಪತ್ತು ದಾಟಿದ ತೆಳ್ಳನೆಯ ತಮಿಳರು. ಕುತ್ತಿಗೆಗೆ ಉಣ್ಣೆಯ ಮಫ್ಲರ್. ಚಿತ್ರಮಂದಿರ ಚಹಾ ತೋಟಗಳಿಗೆ ಹೋಗುವ ರಸ್ತೆಯ ತಿರುವಿನಲ್ಲಿತ್ತು. ಅರ್ಧಕ್ಕೆ ಗೊಬ್ಬರದ ಚೀಲ ಪೇರಿಸಿದ್ದರು. ಉಳಿದರ್ಧದಲ್ಲಿ ಬೆಂಚುಗಳು ಹಾಗೇ ಇದ್ದವು. ಅವರ ಹೆಂಡತಿ ಪಾಕ್ಯಂ ಹಾಲಿಲ್ಲದ ಚಹಾ ಕೊಟ್ಟರು, ಜೊತೆಗೆ ಬೆಲ್ಲದ ಚೂರು. ಬೆಲ್ಲ ಕಚ್ಚಿಕೊಂಡು ಚಹಾ ಕುಡಿಯಬೇಕು. ಬಾಯಿಯವರಿಗೆ ಇದು ಹಿಡಿಸಿತು.

ಮದ್ರಾಸಿಗೆ ಹೋಗಿ ಬಂದು ಕಲಿತ ನನ್ನ ಹರುಕು ತಮಿಳಿನಲ್ಲಿ ಬಂದ ಕಾರಣ ಹೇಳಿದೆ. ತಮಿಳರ ಮೇಲಿನ ಗಲಭೆಯ ದಿನಗಳಲ್ಲಿ ಬೀದಿಯ ಅಂಗಡಿಗಳಿಗೆ ಬೆಂಕಿ ಬಿದ್ದಾಗ ಆ ಹನ್ನೆರಡು ಚಿತ್ರಗಳನ್ನು ಗಂಡ ಹೆಂಡತಿ ತಲೆಯ ಮೇಲೆ ಹೊತ್ತು ಮನೆಗೆ ಸಾಗಿಸಿದ್ದರಂತೆ. ಇಷ್ಟು ವರ್ಷ ಅಡುಗೆಮನೆಯ ಅಟ್ಟದ ಮೇಲಿಟ್ಟಿದ್ದರು. ಆಮೇಲೆ ಮಾಣಿಕ್ಕಂ ತಲೆ ತಗ್ಗಿಸಿ ಹೇಳಿದರು. ಭಾಗ ಇನ್ನು ಸಿಗಲಾರದೆಂದುಕೊಂಡು, ನನ್ನ ಕಾಗದ ತಲುಪುವ ಮೊದಲೇ ಅವನ್ನೆಲ್ಲ ಕೊಲಂಬೊದ ಗುಜರಿಯವನಿಗೆ ಕೊಡುವುದಾಗಿ ಮಾತು ಕೊಟ್ಟುಬಿಟ್ಟಿದ್ದರು. ಶುಕ್ರವಾರ ಲಾರಿ ಬರುತ್ತದೆ.

ನಾನು ಬಾಯಿಯವರಿಗೆ ಹೇಳಿದೆ. ಅವರು ಚಹಾ ಕೆಳಗಿಟ್ಟು ಮಾಣಿಕ್ಕಂ ಎದುರು ಹೋಗಿ ನಿಂತರು. "ನೀವು ಮಾತು ಕೊಟ್ಟಿದ್ದು ಗುಜರಿ ಸಾಮಾನಿಗೆ ಹೌದಲ್ರಿ? ಓಡೂ ಸಿನಿಮಾ ಗುಜರಿ ಹೆಂಗಾದೀತು? ಶುಕ್ರವಾರದೊಳಗ ನಾವು ಇದನ್ನ ಓಡಸ್ತೇವಿ. ಓಡಿದ್ರ ಅದು ನಮಗ. ಓಡಲಿಲ್ಲ ಅಂದ್ರ ಲಾರಿಗೆ ನಾನ ಎತ್ತಿ ಹಾಕ್ತೇನಿ."

ನಾನು ಅನುವಾದಿಸಿದೆ. ಮಾಣಿಕ್ಕಂ ಹೆಂಡತಿಯ ಮುಖ ನೋಡಿದರು. ಪಾಕ್ಯಂ ಸೆರಗಿಗೆ ಕಟ್ಟಿಕೊಂಡಿದ್ದ ಬೀಗದ ಕೈ ಬಿಚ್ಚಿ ಪ್ರೊಜೆಕ್ಟರ್ ಕೋಣೆಯ ಬಾಗಿಲು ತೆಗೆದರು.

ಗುರುವಾರ, ಚಹಾ ಕಾರ್ಖಾನೆ

ಎರಡು ಪ್ರೊಜೆಕ್ಟರ್. ಒಂದರಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಇನ್ನೊಂದನ್ನು ಬಿಚ್ಚಿ, ತೊಳೆದು, ನಾನು ತಂದ ಭಾಗವನ್ನು ಕೂರಿಸಲು ಹೋದೆ. ಶಾಫ್ಟಿನ ತುದಿಯಲ್ಲೇ ಸಿಕ್ಕಿಕೊಂಡಿತು.

ತಪ್ಪು ಎಲ್ಲಿ ಆಗಿದೆ ಎಂದು ತಿಳಿಯಲು ಅರ್ಧ ಗಂಟೆ ಬೇಕಾಯಿತು. ಮಾಣಿಕ್ಕಂ ಶಾಫ್ಟಿನ ಅಳತೆಯನ್ನು ಸವೆದ ಜಾಗದಲ್ಲಿ ತೆಗೆದಿದ್ದರು. ಸವೆಯದ ಜಾಗ ಅದಕ್ಕಿಂತ ಕೂದಲೆಳೆಯಷ್ಟು ದಪ್ಪ. ತೂತನ್ನು ಅಷ್ಟು ದೊಡ್ಡದು ಮಾಡಬೇಕು. ನನ್ನ ಲೇತ್ ತಾರಿಹಾಳದಲ್ಲಿತ್ತು. ಕಿಸೆಯಲ್ಲಿ ಇದ್ದದ್ದು ಕಬ್ಬಿಣ ಉಜ್ಜುವ ಒಂದು ಅರ. ಅರದಿಂದ ಮಾಡಿದರೆ ತೂತು ಅಡ್ಡಾದಿಡ್ಡಿಯಾಗಿ ಪರದೆಯ ಮೇಲೆ ಚಿತ್ರ ಕುಣಿಯುತ್ತದೆ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಇಷ್ಟು ದೂರ ಬಂದು ಕೂದಲೆಳೆಯಷ್ಟಕ್ಕೆ ಸೋತಿದ್ದೆ.

ಎದುರಿನ ಗುಡ್ಡದ ಮೇಲೆ ಚಹಾ ಕಾರ್ಖಾನೆ ಕಾಣುತ್ತಿತ್ತು. ಬೆಳ್ಳಗಿನ ತಗಡಿನ ಉದ್ದನೆಯ ಕಟ್ಟಡ. ಒಳಗೆ ಎಲೆ ಹೊಸೆಯುವ ರೋಲರುಗಳು ತಿರುಗುವ ಸದ್ದು ಇಲ್ಲಿಯವರೆಗೂ ಬರುತ್ತಿತ್ತು. ರೋಲರ್ ಇದ್ದಲ್ಲಿ ಫಿಟ್ಟರ್ ಇರಲೇಬೇಕು. ಎದ್ದು ಹೊರಟೆ.

ಫಿಟ್ಟರ್ ಹೆಸರು ಅರುಳ್. ತೋಟದ ಕೂಲಿಕಾರರ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವನು. ಮದ್ರಾಸಿನ ನನ್ನ ತಮಿಳು ಅವನಿಗೆ ತಿಳಿಯಲಿಲ್ಲ, ಅವನ ತೋಟದ ತಮಿಳು ನನಗೆ ತಿಳಿಯಲಿಲ್ಲ. ಆಮೇಲೆ ಅವನು ಆ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ತೂತಿನಲ್ಲಿ ಕಿರುಬೆರಳು ಆಡಿಸಿ, "ಎತ್ತನೈ ಥೌ?" ಎಂದ.

ಎತ್ತನೈ ಎಂದರೆ ಎಷ್ಟು. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ತಾರಿಹಾಳದ ಪ್ರತಿ ಶೆಡ್ಡಿನಲ್ಲೂ ಬೆಳಗಿನಿಂದ ಸಂಜೆತನಕ ಕೇಳುವ ಮಾತು. "ಮೂರು" ಎಂದು ಬೆರಳು ತೋರಿಸಿದೆ. ಅಲ್ಲಿಂದ ನಮಗೆ ಭಾಷೆಯೇ ಬೇಕಾಗಲಿಲ್ಲ. ಅವನು ಲೇತಿಗೆ ಹಾಕಲು ಹೋದಾಗ, ಒಂದು ಥೌ ಹೆಚ್ಚಾದರೂ ಕೆಟ್ಟೀತೆಂದು ನಾನು ಬೇಡವೆಂದೆ, ಅವನೂ ಒಪ್ಪಿದ. ತಾಮ್ರದ ಸರಳಿಗೆ ಉಜ್ಜುವ ಪುಡಿ ಹಚ್ಚಿ, ಸರದಿಯ ಮೇಲೆ ಇಬ್ಬರೂ ಕೈಯಿಂದಲೇ ತೂತನ್ನು ಉಜ್ಜಿದೆವು. ಎರಡು ಸಲ ಬೆಟ್ಟ ಇಳಿದು ಹೋಗಿ ಕೂರಿಸಿ ನೋಡಿದೆ, ಎರಡು ಸಲ ಹತ್ತಿ ಬಂದೆ. ಮೂರನೆಯ ಸಲ ಅರುಳ್ ತಾನೂ ನನ್ನ ಜೊತೆ ಇಳಿದು ಬಂದ. ಆ ತುಂಡು ಶಾಫ್ಟಿನ ಮೇಲೆ ಬೆಣ್ಣೆಯಲ್ಲಿ ಬೆರಳು ಹೋದ ಹಾಗೆ ಹೋಯಿತು. ಅವನು ಕೈ ಒರೆಸಿಕೊಂಡು, ಒದ್ದೆಯಾಗಿದ್ದ ಕಾರ್ಬನ್ ಕಡ್ಡಿಗಳ ಪೆಟ್ಟಿಗೆ ಎತ್ತಿಕೊಂಡ. ಪರದೆಗೆ ಬೆಳಕು ಬರುವುದು ಆ ಕಡ್ಡಿಗಳು ಉರಿಯುವುದರಿಂದ. ಚಹಾ ಎಲೆ ಒಣಗಿಸುವ ಬಿಸಿಗಾಳಿಯಲ್ಲಿ ಅವನ್ನು ಒಣಗಿಸಿ ತರುತ್ತೇನೆಂದು ಸನ್ನೆ ಮಾಡಿ ಹೋದ.

ಅಷ್ಟರಲ್ಲಿ ಬಾಯಿಯವರೂ ಪಾಕ್ಯಮ್ಮನೂ ನೆಲದ ಮೇಲೆ ಸೀರೆ ಹಾಸಿ ರೀಲುಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದರು. ಹದಿನಾಲ್ಕು ರೀಲಿನಲ್ಲಿ ಒಂಬತ್ತನೆಯದು ಇರಲಿಲ್ಲ. ಕೋಣೆಯ ತುಂಬ ಹಳೆಯ ಫಿಲ್ಮಿನ ಹುಳಿ ವಾಸನೆ. ರೀಲಿನ ಒಂದು ತುಂಡನ್ನು ಬೆಳಕಿಗೆ ಹಿಡಿದು, "ಅಕ್ಕಾರ, ನೋಡ್ರಿ, ನೀವ" ಎಂದೆ.

ಅವರು ಮುಖ ಆ ಕಡೆ ತಿರುಗಿಸಿದರು. "ಚೂರು ಚೂರು ನೋಡೂದಿಲ್ಲ ನಾ. ಪರದೆ ಮ್ಯಾಲ ನೋಡ್ತೇನಿ."

ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ

ಪಾಕ್ಯಮ್ಮ ಬೀದಿಯಲ್ಲಿ ಸುದ್ದಿ ಹಬ್ಬಿಸಿದ್ದರು. ಮೂವತ್ತು ಜನ ಬಂದಿದ್ದರು. ಚಹಾ ಕಾರ್ಖಾನೆಯ ಕೆಲವರು, ಅಕ್ಕಪಕ್ಕದ ಹೆಂಗಸರು, ಒಬ್ಬ ಟಪಾಲಿನವ. ಬಾಯಿಯವರು ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತರು.

ಪ್ರೊಜೆಕ್ಟರ್ ಚಾಲೂ ಮಾಡಿದೆ. ಕಡ್ಡಿಗಳು ಚಟಚಟ ಎಂದು ಹತ್ತಿಕೊಂಡವು. ಪರದೆಯ ಮೇಲೆ ಮೊದಲು ಮಳೆಯಂಥ ಗೀರುಗಳು, ಆಮೇಲೆ ಸಮುದ್ರ, ಆಮೇಲೆ ತಂತಿ ಕಚೇರಿ. ಕಿಟಕಿಯ ಹಿಂದೆ ತಲೆ ತಗ್ಗಿಸಿ ಬರೆಯುತ್ತಿದ್ದ ವಿಮಲಾ ಮುಖ ಎತ್ತಿದಳು. ಚಿತ್ರ ಒಂದಿಷ್ಟೂ ಕುಣಿಯಲಿಲ್ಲ.

ಬಾಯಿಯವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅದು ನೆಟ್ಟಗಾಯಿತು.

ಆಗ ವಿಮಲಾ ಮಾತಾಡಿದಳು. ತಮಿಳು, ಅದೂ ಯಾರೋ ಚಿಕ್ಕ ಹುಡುಗಿಯ ತೆಳು ದನಿ. ಬಾಯಿಯವರು ಕೂತಲ್ಲೇ ಹಿಂದೆ ತಿರುಗಿದರು. "ಮಲ್ಲಪ್ಪಾ, ನನ್ನ ಬಾಯಾಗ ಯಾರದು ದನಿ?"

"ಡಬ್ಬಿಂಗ್ ರೀ ಅಕ್ಕಾರ. ಇಲ್ಲಿಗೆ ತಮಿಳಿನ್ಯಾಗ ಬಂದೈತಿ."

"ಬಂದ್ ಮಾಡು ಅದನ್ನ."

ನಾನು ಶಬ್ದ ಇಳಿಸಿದೆ. ಚಿತ್ರ ಓಡುತ್ತಲೇ ಇತ್ತು. ಬಾಯಿಯವರು ಎದ್ದು ಪರದೆಯ ಪಕ್ಕಕ್ಕೆ ಹೋಗಿ ನಿಂತರು. ವಿಮಲಾ ಮತ್ತೆ ತುಟಿ ತೆರೆದಾಗ ಕನ್ನಡ ಕೇಳಿಸಿತು. "ಹೋದ ಮಂಗಳವಾರವೂ ಗಂಡು ಮಗು ಅಂತಲೇ ಕಳಿಸಿದ್ರಿ. ಈ ಸಲವೂ ಗಂಡೇನು?" ಮೂವತ್ತೆರಡು ವರ್ಷ ಹಿಂದಿನ ಮಾತು, ತುಟಿಯ ಅಲುಗಾಟಕ್ಕೆ ಸರಿಯಾಗಿ ಕೂತಿತು. ಗೂಢಚಾರ ಉತ್ತರ ಕೊಟ್ಟ, ಅದೂ ಅವರದೇ ಗಂಟಲಿನಿಂದ, ತಗ್ಗಿಸಿದ ಗಂಡು ದನಿಯಲ್ಲಿ. ಪೊಲೀಸ್ ಅಧಿಕಾರಿ, ದೋಣಿಯವನು, ವಿಮಲಾಳ ತಾಯಿ, ಎಲ್ಲರ ಮಾತನ್ನೂ ಅವರು ಬಲ್ಲರು. ನಾಟಕ ಕಂಪನಿಯಲ್ಲಿ ತಮ್ಮ ಪಾರ್ಟಿನ ಜೊತೆಗೆ ಎದುರಿನವರ ಪಾರ್ಟನ್ನೂ ಬಾಯಿಪಾಠ ಮಾಡುವ ರೂಢಿ. ಯಾರಾದರೂ ಬರದಿದ್ದರೆ ಆಟ ನಿಲ್ಲಬಾರದು.

ಓಡುವ ಪ್ರೊಜೆಕ್ಟರ್ ಒಂದೇ ಆದ್ದರಿಂದ ಪ್ರತಿ ರೀಲಿಗೂ ನಿಲ್ಲಿಸಬೇಕಿತ್ತು. ಯಾರೂ ಎದ್ದು ಹೋಗಲಿಲ್ಲ. ಐದನೆಯ ರೀಲಿನ ಹೊತ್ತಿಗೆ ಗುಜರಿಯವನ ಲಾರಿ ಬಂತು. ದಪ್ಪ ಮೀಸೆಯ ಮನುಷ್ಯ, ಬಾಗಿಲಲ್ಲಿ ನಿಂತು ನೋಡಿದ, ಆಮೇಲೆ ಒಳಗೆ ಬಂದು ಗೊಬ್ಬರದ ಚೀಲದ ಮೇಲೆ ಕೂತ. ಇಲ್ಲದ ಒಂಬತ್ತನೆಯ ರೀಲಿನ ಕಥೆಯನ್ನು ಬಾಯಿಯವರು ಬರಿಯ ಪರದೆಯ ಮುಂದೆ ಅಭಿನಯಿಸಿ ತೋರಿಸಿದರು. ಒಂದಕ್ಷರ ತಿಳಿಯದ ಜನ ಉಸಿರು ಬಿಗಿ ಹಿಡಿದು ನೋಡಿದರು.

ಕಾಲೇಜಿನಲ್ಲಿ ನಾಲ್ಕು ಸಲ ನೋಡಿದ್ದಾಗ ನಾನು ಬೆನ್ನಟ್ಟುವ ದೃಶ್ಯಗಳಿಗೇ ಮರುಳಾಗಿದ್ದೆ. ಈಗ ಕಂಡದ್ದು ಬೇರೆ. ವಿಮಲಾ ರೈಲು ನಿಲ್ದಾಣದಲ್ಲಿ ಒಬ್ಬಳೇ ಕೂತು ಬುತ್ತಿ ಬಿಚ್ಚಿ ಉಣ್ಣುತ್ತಾಳೆ. ಪಕ್ಕದ ಬೆಂಚಿನಲ್ಲಿ ಅವಳನ್ನು ಕೊಲ್ಲಲು ಬಂದವನು. ಅವಳಿಗೆ ಅದು ಗೊತ್ತು. ಆದರೂ ತುತ್ತು ಮಾಡುತ್ತಾಳೆ, ನುಂಗುತ್ತಾಳೆ, ಕೈ ತೊಳೆಯುತ್ತಾಳೆ. ಒಂದು ಮಾತಿಲ್ಲ. ಆ ದೃಶ್ಯ ಮುಗಿಯುವವರೆಗೆ ಟಾಕೀಸಿನಲ್ಲಿ ಪ್ರೊಜೆಕ್ಟರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬಾಯಿಯವರು ಪರದೆಯ ಪಕ್ಕದಲ್ಲಿ ತಲೆ ಎತ್ತಿ ತಮ್ಮ ಮೂವತ್ತನಾಲ್ಕರ ಮುಖವನ್ನು ನೋಡುತ್ತಾ ನಿಂತಿದ್ದರು.

ಕೊನೆಯ ರೀಲು. ಸೇತುವೆ. ವಿಮಲಾ ಓಡಿ ಬಂದು ಕಂಬಿ ಹತ್ತಿ ಜಿಗಿದಳು. ಗಾಳಿಗೆ ಸೀರೆ ಮೊಣಕಾಲಿನ ತನಕ ಹಾರಿತು. ಆ ಕಾಲುಗಳು ಗಂಡಸಿನವು. ಮೀನಖಂಡ ದಪ್ಪ, ತುಂಬ ಕೂದಲು. ನೋಡಿದ ಯಾರಾದರೂ ಹೇಳಬಹುದಿತ್ತು.

ಬಾಯಿಯವರ ದನಿ ಅರೆಗಳಿಗೆ ನಿಂತಿತು. ನಾನು ಪ್ರೊಜೆಕ್ಟರಿನ ಹಿಡಿಕೆಯ ಮೇಲೆ ಕೈ ಇಟ್ಟೆ, ನಿಲ್ಲಿಸಲೋ ಬೇಡವೋ ತಿಳಿಯಲಿಲ್ಲ. ಅಷ್ಟರಲ್ಲಿ ದೋಣಿಯವನ ಮಾತು ಶುರುವಾಯಿತು, ಅವರು ಅದನ್ನು ಹೇಳಿದರು. ಮುಂದಿನದನ್ನೂ ಹೇಳಿದರು. ‘ಶುಭಂ’ ಬರುವ ತನಕ ಒಂದು ಮಾತೂ ಬಿಡಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಮಾಣಿಕ್ಕಂ ಗುಜರಿಯವನ ಬಳಿ ಹೋಗಿ ಮಾತಾಡಿದರು. ಅವನು ಒಪ್ಪಿಕೊಂಡ. ಹದಿಮೂರು ಡಬ್ಬಿಗಳನ್ನು ಪಕ್ಕಕ್ಕೆ ಇಟ್ಟರು. ಉಳಿದ ಹನ್ನೊಂದು ಚಿತ್ರಗಳನ್ನೂ ಬಿಟ್ಟುಕೊಡು ಎಂದು ನಾನು ಅವನನ್ನು ಕೇಳಿದೆ. ಮಾಣಿಕ್ಕಂ ಮಾತ್ರ ಅದು ತಾವು ಕೊಟ್ಟ ಮಾತಿನ ವಿಷಯ ಎಂದು ತಲೆ ಅಲ್ಲಾಡಿಸಿದರು. ಅರ್ಧ ಗಂಟೆಯಲ್ಲಿ ಅವೆಲ್ಲ ಲಾರಿ ಹತ್ತಿದವು. ಅವುಗಳಲ್ಲೂ ಯಾರ ಯಾರ ಮುಖಗಳಿದ್ದವೋ. ಆ ಮುಖಗಳ ಹೆಸರುಗಳನ್ನಾದರೂ ಯಾರಿಂದಲಾದರೂ ಓದಿಸಿ ಬರೆದುಕೊಳ್ಳಬೇಕಿತ್ತು. ಅದು ನನಗೆ ಹೊಳೆದದ್ದು ಲಾರಿ ತಿರುವು ದಾಟಿದ ಮೇಲೆ.

ಇಳಿಯುವ ರೈಲು

ಡಬ್ಬಿಗಳನ್ನು ಹಡಗಿನ ಸರಕಾಗಿ ಕಳಿಸುವ ಕೆಲಸ ಅರುಳ್ ವಹಿಸಿಕೊಂಡ. ಅವನ ಭಾವ ಕೊಲಂಬೊ ಬಂದರಿನಲ್ಲಿದ್ದ.

ರೈಲಿನಲ್ಲಿ ಬಾಯಿಯವರು ಕಿಟಕಿಯ ಪಕ್ಕ ಕೂತರು. ನಾನೇ ಅಳುಕುತ್ತಾ, "ಅಕ್ಕಾರ, ಆ ಜಿಗತ..." ಎಂದೆ.

"ನಾ ಜಿಗದದ್ದು ಖರೇ" ಎಂದರು. "ಕ್ಯಾಮರಾ ನಿಂತಿತ್ತೋ, ಚಲೋ ಬರಲಿಲ್ಲೋ, ದೇವರಿಗೆ ಗೊತ್ತು. ನನ್ನ ದವಾಖಾನಿಗೆ ಕಳಿಸಿ ಅಂವನ್ನ ಜಿಗಿಸ್ಯಾರ. ಯಾರೂ ನನಗ ಹೇಳಲಿಲ್ಲ." ಮಣಿಕಟ್ಟನ್ನು ಸೆರಗಿನಿಂದ ಮುಚ್ಚಿಕೊಂಡರು. "ಸಿಟ್ಟು ಬಂದೈತಿ ತಮ್ಮಾ. ಹೋಗ್ಲಿ ಬಿಡು ಅಂತ ಅನ್ನಬ್ಯಾಡ. ಬಂದೈತಿ, ಇರಲಿ."

ಪಾಕ್ಯಮ್ಮ ಕಟ್ಟಿಕೊಟ್ಟಿದ್ದ ಬೆಲ್ಲದ ಚೂರನ್ನು ಅವರ ಕೈಗಿಟ್ಟೆ.

ಬೆಲ್ಲ ಕಚ್ಚಿಕೊಂಡು ಅವರೇ ಕೇಳಿದರು. "ನಾ ಉಣ್ಣೂ ಸೀನು ಹೆಂಗಿತ್ತು?"

"ಅಂಥಾದ್ದು ನಾ ಯಾವ ಸಿನಿಮಾದಾಗೂ ನೋಡಿಲ್ರಿ."

"ಅವತ್ತ ನನಗ ಖರೇನ ಹಸಿವಾಗಿತ್ತು" ಎಂದರು.

ಹುಬ್ಬಳ್ಳಿ, ಒಂದು ಆಯಿತವಾರ

ಡಬ್ಬಿಗಳು ತೂತುಕುಡಿಯ ಮೇಲಿಂದ ಬರಲು ನಾಲ್ಕು ತಿಂಗಳು ಹಿಡಿಯಿತು. ನನಗೆ ಪರಿಚಯದ ಟಾಕೀಸಿನವರು ಒಂದು ಆಯಿತವಾರ ಬೆಳಗಿನ ಹೊತ್ತು ಹಾಲ್ ಕೊಟ್ಟರು. ಐವತ್ತು ಜನ ಬರಬಹುದು ಎಂದುಕೊಂಡಿದ್ದೆ. ಬಾಲ್ಕನಿ ಬಾಗಿಲು ತೆರೆಯಬೇಕಾಯಿತು. ಧಾರವಾಡದಿಂದ ಕಾಲೇಜಿನ ಮೇಷ್ಟ್ರುಗಳು, ಹಳೆಯ ನಾಟಕ ಕಂಪನಿಯವರು, ಬೈರಿದೇವರಕೊಪ್ಪದ ಒಂದು ಓಣಿಗೆ ಓಣಿ. ಶಿವಾನಂದ ಗಿರಣಿ ಬಂದ್ ಮಾಡಿ ಬಂದಿದ್ದ.

ಬಾಯಿಯವರಿಗೆ ಮೈಕು ಕೊಟ್ಟೆವು. ಅವರು ಅದನ್ನು ದೂರ ಸರಿಸಿ ಪರದೆಯ ಪಕ್ಕದಲ್ಲಿ ನಿಂತರು. ಎರಡೂವರೆ ತಾಸು, ಎಲ್ಲರ ಮಾತನ್ನೂ ಹೇಳಿದರು. ಬೆಂಚಿನ ದೃಶ್ಯದಲ್ಲಿ ಹಾಲ್ ಸ್ತಬ್ಧವಾಯಿತು. ಸೇತುವೆ ಬಂದಾಗ ಅವರು ಕಥೆಯ ಮಾತು ಬಿಟ್ಟು, ಜನರ ಕಡೆ ತಿರುಗಿ, "ಇಲ್ಲೆ ಜಿಗದಾಂವ ನಾ ಅಲ್ರಿ. ನಾ ಜಿಗದದ್ದು ಇದರಾಗ ಇಲ್ಲ. ಮುಂದ ನೋಡ್ರಿ" ಎಂದು ಹೇಳಿ ಮತ್ತೆ ದೋಣಿಯವನ ದನಿಗೆ ಹೋದರು. ಯಾರೂ ನಗಲಿಲ್ಲ.

ಆಟ ಮುಗಿದ ಮೇಲೆ ಜನ ಅವರ ಸುತ್ತ ಮುಗಿಬಿದ್ದರು. ಬಾಗಿಲಿನ ಹತ್ತಿರ ಹೋಗಲು ಅರ್ಧ ತಾಸು ಬೇಕಾಯಿತು. ಕೊನೆಗೆ ನಾನು ರೀಲು ಸುತ್ತುತ್ತಿದ್ದ ಕೋಣೆಗೆ ಮೆಟ್ಟಿಲು ಹತ್ತಿ ಬಂದರು, ಏದುಸಿರು ಬಿಡುತ್ತಾ ಸ್ಟೂಲಿನ ಮೇಲೆ ಕೂತರು.

"ಬರೂ ಆಯ್ತವಾರ ಹಾಲ್ ಖಾಲಿ ಐತೇನು ಕೇಳು" ಎಂದರು.

"ಯಾಕ್ರಿ ಅಕ್ಕಾರ? ಇವತ್ತ ಎಲ್ಲಾರೂ ನೋಡಿದ್ರಲ್ಲ."

"ಎರಡನೇ ರೀಲಿನ್ಯಾಗ ಪೊಲೀಸಂದು ಒಂದು ಮಾತು ನಾ ತಪ್ಪಿ ಹೇಳಿದೆ."

"ಯಾರಿಗೂ ಗೊತ್ತಾಗಿಲ್ರಿ."

"ನನಗ ಗೊತ್ತಾತಲ್ಲ" ಎಂದು ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ಎರಡನೇ ರೀಲು ಹಚ್ಚು. ಈಗ ಒಮ್ಮೆ ಹೇಳಿ ನೋಡೂಣು."